ನೀರಿಗೂ ಒಂದಿಷ್ಟು ಗಡಸುತನ ಇರಲಿ

ರಾಮನಗರದ ಹೊಸ ಬಡಾವಣೆಗಳಲ್ಲಿ ಸಂಪಿನ ಪಕ್ಕ, ಮೋಟರ್ ಇಟ್ಟ ಮೂಲೆಯಲ್ಲಿ, ಈಗೀಗ ಒಂದು ಉದ್ದನೆಯ ಸಿಲಿಂಡರ್ ನಿಂತಿರುತ್ತದೆ. ಅದರ ಮಗ್ಗುಲಿಗೆ ಉಪ್ಪು ಕರಗಿಸುವ ಡ್ರಮ್ಮು. ವಾಟರ್ ಸಾಫ್ಟ್‌ನರ್ ಕೂರಿಸಿದ ಮೊದಲ ವಾರ ಮನೆಯಲ್ಲಿ ಹಬ್ಬ. ಬಕೆಟ್ಟಿಗೆ ಬಿಳಿ ಕರೆ ಹಿಡಿಯುವುದಿಲ್ಲ, ಸೋಪು ಮುಟ್ಟಿದರೆ ಸಾಕು ಬೊಗಸೆ ತುಂಬ ನೊರೆ. ಎರಡನೇ ವಾರಕ್ಕೆ ದೂರು ಶುರುವಾಗುತ್ತದೆ. ಎಷ್ಟು ಚೊಂಬು ಸುರಿದುಕೊಂಡರೂ ಸೋಪು ಹೋದ ಹಾಗೇ ಇಲ್ಲ, ಮೈ ಜಾರುತ್ತದೆ. ಇದೇನು ನೀರೋ ಲೋಳೆಸರದ ರಸವೋ ಎಂದು ಅಜ್ಜಿ ಬಚ್ಚಲಿನಿಂದಲೇ ಗೊಣಗುತ್ತಾರೆ.

ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಅವನು ಬಂದು ಮೇಲಿನ ಡಬ್ಬಿಯ ಬಟನ್ ಒತ್ತಿ ಒಂದು ಸಂಖ್ಯೆ ಇಳಿಸುತ್ತಾನೆ. ಹೋಗುವಾಗ, ಈಗ ಸ್ವಲ್ಪ ಗಡಸು ಬರುತ್ತೆ ಅಮ್ಮ ಎನ್ನುತ್ತಾನೆ.

ಬರುವುದಿಲ್ಲ. ಬಂದರೂ ಅವನು ಹೇಳಿದ ರೀತಿಯಲ್ಲಿ ಬರುವುದಿಲ್ಲ. ಈ ಸಣ್ಣ ತಪ್ಪಿನ ಹಿಂದೆ ನೀರನ್ನು ಕುರಿತ ದೊಡ್ಡ ತಪ್ಪುಕಲ್ಪನೆಯೊಂದಿದೆ. ಗಡಸುತನವೆಂದರೆ ಕೊಳೆ, ಅದನ್ನು ಸೊನ್ನೆಗೆ ತಂದರೆ ನೀರು ಶುದ್ಧವಾಯಿತು ಎಂಬ ನಂಬಿಕೆ ಅದು. ಮಾರುವವರಿಗೂ ಕೊಳ್ಳುವವರಿಗೂ ಈ ನಂಬಿಕೆ ಹಿತವಾಗಿದೆ. ಹೊರೆ ಹೊರುವುದು ಮಾತ್ರ ಮನೆಯ ಹಿಂದಿನ ಮಣ್ಣು.

ಮೊದಲು ಕಲ್ಲಿನ ಮಾತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬಂಡೆಯ ಸೀಮೆ. ಭೂವಿಜ್ಞಾನಿಗಳು ಇಲ್ಲಿನ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೈಸೂರು ದರ್ಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಿಂದ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಆ ಹೆಸರನ್ನು ಬಿಟ್ಟಿತು, ಕಲ್ಲು ಉಳಿಸಿಕೊಂಡಿತು. ಸುಮಾರು 250 ಕೋಟಿ ವರ್ಷ ಹಳೆಯ ಈ ಬಂಡೆಯಲ್ಲಿ ಸುಣ್ಣಕಲ್ಲಿನ ಗಣಿಗಳೇನೂ ಇಲ್ಲ. ಹಾಗಿದ್ದೂ ನೀರಿಗೆ ಸುಣ್ಣ ಎಲ್ಲಿಂದ? ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ ಖನಿಜದಲ್ಲಿ ಕ್ಯಾಲ್ಸಿಯಂ ಇದೆ, ಕಪ್ಪು ಖನಿಜಗಳಲ್ಲಿ ಮೆಗ್ನೀಸಿಯಂ ಇದೆ. ಮಣ್ಣಿನಲ್ಲಿ ಇಳಿಯುವ ಮಳೆನೀರು ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಬಂಡೆಯ ಬಿರುಕುಗಳಲ್ಲಿ ಕೂತು ಇವನ್ನು ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ತೆರೆದ ಬಾವಿಯ ಕಾಲದಲ್ಲಿ ನೀರಿಗೆ ಕಲ್ಲಿನ ಸಹವಾಸ ಕಡಿಮೆ ದಿನದ್ದು. ಬೋರ್ ನೂರಾರು ಅಡಿ ಇಳಿದ ಮೇಲೆ ಮೇಲೆ ಬರುವುದು ಕಲ್ಲಿನ ಜೊತೆ ಬಹುಕಾಲ ಸಂಸಾರ ಮಾಡಿದ ನೀರು. 2007ರಲ್ಲಿ ಜಿಲ್ಲೆ ಬೇರೆಯಾಯಿತು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ತೀರ್ಮಾನವೂ ಆಯಿತು. ಬೋರಿನ ನೀರು ಎರಡಕ್ಕೂ ತಲೆಕೆಡಿಸಿಕೊಳ್ಳಲಿಲ್ಲ.

ಇದೇ ಬಂಡೆಗಳ ನಡುವೆ ಚಿತ್ರೀಕರಿಸಿ 1975ರಲ್ಲಿ ತೆರೆಗೆ ಬಂದ 'ಶೋಲೆ'ಯಲ್ಲಿ ನಾಯಕ ನೀರಿನ ಟ್ಯಾಂಕ್ ಹತ್ತಿ ರಂಪ ಮಾಡುವ ದೃಶ್ಯ ಎಲ್ಲರಿಗೂ ನೆನಪಿದೆ. ಆ ಟ್ಯಾಂಕಿನ ನೀರಲ್ಲಿ ಬೇಳೆ ಬೇಯುತ್ತಿತ್ತೇ ಎಂದು ಮಾತ್ರ ಯಾರೂ ಕೇಳಿದಂತಿಲ್ಲ.

ಇಲ್ಲಿನ ಹೆಂಗಸರು ಕೇಳುತ್ತಿದ್ದದ್ದು ಅದೇ ಪ್ರಶ್ನೆ. ಪ್ರಯೋಗಾಲಯ, ಮಿಲಿಗ್ರಾಂ ಯಾವುದೂ ಗೊತ್ತಿಲ್ಲದ ಕಾಲದಲ್ಲಿ ನೀರಿನ ಗಡಸುತನ ಅಳೆಯುವ ಮಾಪಕ ತೊಗರಿಬೇಳೆ. ಬೇಳೆ ಬೆಂದರೆ ಸಿಹಿನೀರು, ಬೇಯದಿದ್ದರೆ ಉಪ್ಪುನೀರು. ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಕಾಳು ಮೆತ್ತಗಾಗುವುದಿಲ್ಲ ಎಂದು ಆಹಾರ ವಿಜ್ಞಾನ ಹೇಳುತ್ತದೆ. ಅಡುಗೆಮನೆಯವರು ಒಂದು ಚಿಟಿಕೆ ಸೋಡಾ ಹಾಕಿ ಆ ಹಿಡಿತ ಬಿಡಿಸುತ್ತಿದ್ದರು. ತಲೆಗೆ ಸೀಗೆಕಾಯಿ, ರೇಷ್ಮೆ ಸೀರೆಗೆ ಅಂಟುವಾಳ. ಇವುಗಳ ನೊರೆ ಸೋಪಿನಂತೆ ಕ್ಯಾಲ್ಸಿಯಂ ಕಂಡೊಡನೆ ಮೊಸರೊಡೆದ ಹಾಗೆ ಒಡೆಯುವುದಿಲ್ಲ. ಗಡಸು ನೀರಿನ ಸೀಮೆಗೆ ಅವೇ ಸರಿಹೋಗುತ್ತಿದ್ದವು. ಹಂಡೆಯ ತಳದ ಸುಣ್ಣದ ಪದರವನ್ನು ವರ್ಷಕ್ಕೊಮ್ಮೆ, ನೀರು ತುಂಬುವ ಹಬ್ಬಕ್ಕೆ ಮುಂಚೆ, ಹುಣಸೆಹಣ್ಣು ತಿಕ್ಕಿ ತೆಗೆದರೆ ಮುಗಿಯಿತು. ಗೀಸರ್ ಕಾಯಿಲ್, ಸೋಲಾರ್ ಹೀಟರಿನ ಕೊಳವೆ, ವಾಷಿಂಗ್ ಮೆಷಿನ್ ಬಂದ ಮೇಲೆ ಹುಣಸೆಹಣ್ಣಿನ ಕೈ ಅಲ್ಲಿಗೆಲ್ಲ ತಲುಪಲಿಲ್ಲ. ಸಾಫ್ಟ್‌ನರ್ ಬಂದದ್ದು ನ್ಯಾಯವಾದ ಕಾರಣಕ್ಕೇ.

ಯಂತ್ರದ ಕೆಲಸ ಸರಳ. ಸಿಲಿಂಡರಿನೊಳಗೆ ಸಾಸಿವೆಗಿಂತ ಸಣ್ಣ ರೆಸಿನ್ ಮಣಿಗಳಿವೆ. ಪ್ರತಿ ಮಣಿಯೂ ಸೋಡಿಯಂ ಹೊತ್ತಿರುತ್ತದೆ. ಗಡಸು ನೀರು ಹಾದುಹೋಗುವಾಗ ಮಣಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದಕ್ಕೆ ಬದಲು ಸೋಡಿಯಂ ಬಿಟ್ಟುಕೊಡುತ್ತದೆ. ಮಣಿಗಳ ಹೊಟ್ಟೆ ತುಂಬಿದಾಗ ಉಪ್ಪುನೀರು ಹಾಯಿಸಿ, ಹಿಡಿದದ್ದನ್ನೆಲ್ಲ ಚರಂಡಿಗೆ ಕಕ್ಕಿಸಿ, ಮತ್ತೆ ಸೋಡಿಯಂ ತುಂಬಿಸುತ್ತಾರೆ. ಅಂದರೆ ನೀರಿನಿಂದ ಏನನ್ನೂ ಸುಮ್ಮನೆ ತೆಗೆದಿಲ್ಲ, ಒಂದರ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಿದೆ. ಆದ್ದರಿಂದಲೇ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಸಾಫ್ಟ್‌ನರಿಗೆ ಮೊದಲೂ ಆಮೇಲೂ ಹೆಚ್ಚುಕಡಿಮೆ ಅದೇ ಸಂಖ್ಯೆ. ನಮ್ಮ ಮೆಷಿನ್ ಕೆಟ್ಟಿದೆ ಎಂದು ಜಗಳ ತೆಗೆಯುವವರೂ, ಆ ಪೆನ್ನನ್ನೇ ತೋರಿಸಿ ಮಾರುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಗ್ರಾನೈಟ್ ಸೀಮೆಯ ನಿಜವಾದ ಚಿಂತೆ ಫ್ಲೋರೈಡ್. ಅದನ್ನಂತೂ ಈ ಯಂತ್ರ ಮುಟ್ಟುವುದೂ ಇಲ್ಲ.

ಹಾಗಾದರೆ ಮೈ ಜಾರುವುದೇಕೆ? ಗಡಸು ನೀರಿನಲ್ಲಿ ಸೋಪಿನ ಒಂದು ಪಾಲು ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗಿ ವ್ಯರ್ಥವಾಗುತ್ತದೆ, ಅದೇ ಗಸಿ ಮೈಗೂ ಅಂಟುತ್ತದೆ. ಒರಸಿಕೊಂಡಾಗ ಚರ್ಮ ಕಿರ್ರೆನ್ನುವುದು ಆ ಗಸಿಯ ದೆಸೆಯಿಂದ. ಅದನ್ನೇ ನಾವು ಶುಚಿ ಎಂದುಕೊಂಡು ಬೆಳೆದಿದ್ದೇವೆ. ಮೆದು ನೀರಿನಲ್ಲಿ ಗಸಿ ಇಲ್ಲ, ಹಾಕಿದ ಸೋಪೆಲ್ಲ ಕೆಲಸಕ್ಕೆ ಬರುತ್ತದೆ, ತೊಳೆದುಹೋಗಲು ಹೊತ್ತು ಹಿಡಿಯುತ್ತದೆ. ಮಲೆನಾಡಿನವರಿಗೆ ಇದು ಹೊಸದೇ ಅಲ್ಲ. ಅಲ್ಲಿನ ಹಳ್ಳದ ನೀರು, ಎಲ್ಲೆಡೆಯ ಮಳೆನೀರು ಹೀಗೇ ಜಾರುತ್ತದೆ. ಆದ್ದರಿಂದ ಮೊದಲ ಮದ್ದು ಯಂತ್ರದಲ್ಲಿಲ್ಲ, ಸೋಪಿನ ಡಬ್ಬಿಯಲ್ಲಿದೆ. ಸೋಪು, ಶಾಂಪೂ, ಬಟ್ಟೆಯ ಪುಡಿ ಎಲ್ಲವನ್ನೂ ಅರ್ಧಕ್ಕೆ ಇಳಿಸಿ ಒಂದು ವಾರ ನೋಡಬೇಕು. ನೀರು ಜಾರುವುದರ ಜೊತೆಗೆ ನಾಲಿಗೆಗೂ ಉಪ್ಪೆನಿಸಿದರೆ ಮಾತು ಬೇರೆ. ಆಗ ಉಪ್ಪುನೀರು ಹಾಯಿಸಿದ ಮೇಲಿನ ಕೊನೆಯ ತೊಳೆತ ಸಾಲದಾಗಿದೆ, ಅದರ ಹೊತ್ತನ್ನು ಹೆಚ್ಚಿಸಬೇಕು.

ಇನ್ನು ಆ ಮೆಕ್ಯಾನಿಕ್ ಇಳಿಸಿದ ಸಂಖ್ಯೆ. ಅದು ನೀರು ಎಷ್ಟು ಮೆದುವಾಗಬೇಕು ಎಂಬ ಆಜ್ಞೆಯಲ್ಲ. ಒಳಗೆ ಬರುವ ನೀರು ಎಷ್ಟು ಗಡಸು ಎಂದು ಯಂತ್ರಕ್ಕೆ ಕೊಡುವ ಮಾಹಿತಿ. ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಬೋರಿನ ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ. ಮನೆಯಲ್ಲಿ ಐದು ಜನ, ತಲೆಗೆ ದಿನಕ್ಕೆ 135 ಲೀಟರ್, ಒಟ್ಟು 675 ಲೀಟರ್. ಸಿಲಿಂಡರಿನಲ್ಲಿ 25 ಲೀಟರ್ ರೆಸಿನ್ ಇದ್ದರೆ ಅದು ಸುಮಾರು 1,250 ಗ್ರಾಂ ಗಡಸು ಹಿಡಿಯುತ್ತದೆ. ಎರಡು ಸಾವಿರ ಲೀಟರ್ ಚಿಲ್ಲರೆ ನೀರಿಗೆ, ಅಂದರೆ ಮೂರು ದಿನಕ್ಕೆ ಅಷ್ಟು. ವಿದೇಶಿ ಮಾದರಿಯ ಯಂತ್ರಗಳಲ್ಲಿ ಗಡಸುತನವನ್ನು ಗ್ರೇನ್ ಎಂಬ ಅಳತೆಯಲ್ಲಿ ಬರೆಯಬೇಕು. ಒಂದು ಗ್ರೇನ್ ಅಂದರೆ ಲೀಟರಿಗೆ 17.1 ಮಿಲಿಗ್ರಾಂ. ನಮ್ಮ ಮನೆಗೆ ಸರಿಯಾದ ಸಂಖ್ಯೆ 35. ಅದನ್ನು 20ಕ್ಕೆ ಇಳಿಸಿದರೆ ಯಂತ್ರಕ್ಕೆ ನೀರೇನೂ ಅಷ್ಟು ಗಡಸಿಲ್ಲ ಎಂಬ ಭ್ರಮೆ. ಮಣಿಗಳ ಹೊಟ್ಟೆ ತುಂಬಿ ಎರಡು ದಿನ ಕಳೆದರೂ ಅದು ಉಪ್ಪು ಹಾಯಿಸುವುದಿಲ್ಲ. ಮೂರು ದಿನ ಜಾರುವ ನೀರು, ಮುಂದಿನ ಎರಡು ದಿನ ಬೋರಿನ ನೀರು. ಅಜ್ಜಿಗೂ ಸಮಾಧಾನವಿಲ್ಲ, ಗೀಸರಿಗೂ ಉಳಿಗಾಲವಿಲ್ಲ.

ಸರಿಯಾದ ದಾರಿ ಬೆರಕೆ. ಸಾಫ್ಟ್‌ನರಿನ ಪಕ್ಕದಲ್ಲಿ ಬೈಪಾಸ್ ಕೊಳವೆ ಇರುತ್ತದೆ, ಕೆಲವು ಯಂತ್ರಗಳ ತಲೆಯಲ್ಲೇ ಬೆರಕೆಯ ತಿರುಪು ಇರುತ್ತದೆ. ಅದನ್ನು ಸ್ವಲ್ಪ ತೆರೆದು ಮೆದು ನೀರಿಗೆ ಹಸಿ ಬೋರ್ ನೀರನ್ನು ಸೇರಿಸುವುದು. ಗಣಿತ ಅಂಗಡಿಯ ಲೆಕ್ಕದಷ್ಟೇ ಸುಲಭ. ಬೇಕಾದ ಗಡಸುತನವನ್ನು ಇರುವ ಗಡಸುತನದಿಂದ ಭಾಗಿಸಿದರೆ ಬೆರೆಸಬೇಕಾದ ಪಾಲು ಸಿಗುತ್ತದೆ. 600 ಇರುವಲ್ಲಿ 100 ಬೇಕಿದ್ದರೆ ಆರರಲ್ಲಿ ಒಂದು ಪಾಲು, 900 ಇರುವಲ್ಲಿ ಒಂಬತ್ತರಲ್ಲಿ ಒಂದು. ತಿರುಪನ್ನು ಕಾಲು ಸುತ್ತು ತಿರುಗಿಸಿ, ಹತ್ತು ನಿಮಿಷ ನೀರು ಹರಿಯಬಿಟ್ಟು, ಲೋಟದಲ್ಲಿ ಹಿಡಿದು ಪರೀಕ್ಷೆ ಮಾಡಬೇಕು. ಪರೀಕ್ಷೆಗೆ ಟಿಡಿಎಸ್ ಪೆನ್ ಬೇಡ, ಗಡಸುತನದ ಕಿಟ್ ಬೇಕು. ನೀರಿಗೆ ಬಣ್ಣದ ಪುಡಿ ಹಾಕಿದರೆ ದ್ರಾಕ್ಷಾರಸದ ಕೆಂಪು ಬರುತ್ತದೆ, ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ ಹೋದರೆ ಒಂದು ಹನಿಗೆ ತಟ್ಟನೆ ನೀಲಿಗೆ ತಿರುಗುತ್ತದೆ. ಎಷ್ಟು ಹನಿ ಎಂದು ಎಣಿಸಿದರೆ ಗಡಸುತನ ಗೊತ್ತಾಯಿತು. ಪಿಯುಸಿ ವಿಜ್ಞಾನ ಓದಿದ ಮನೆಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಮಾಡಿ ತೋರಿಸಬಹುದು.

ಬೇಕಾದ ಗಡಸುತನ ಎಷ್ಟು? ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದಲ್ಲಿ 200 ಮಿಲಿಗ್ರಾಂವರೆಗೆ ಒಪ್ಪಿಗೆ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ವರ್ಗೀಕರಣದಲ್ಲಿ 60ರೊಳಗೆ ಮೆದು, 120ರವರೆಗೆ ಸಾಧಾರಣ ಗಡಸು, 180 ದಾಟಿದರೆ ಬಲು ಗಡಸು. ಸ್ನಾನಕ್ಕೂ ಬಟ್ಟೆಗೂ ಗೀಸರಿಗೂ 75ರಿಂದ 100 ಇದ್ದರೆ ಧಾರಾಳವಾಯಿತು. ಸೊನ್ನೆ ಬೇಕಿರುವುದು ಕಾರ್ಖಾನೆಯ ಬಾಯ್ಲರಿಗೆ, ಬಚ್ಚಲಿಗಲ್ಲ.

ಅತಿ ಮೆದು ಎಲ್ಲ ಕಡೆಯೂ ಒಳ್ಳೆಯದಲ್ಲ ಎಂಬುದು ರಾಮನಗರಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ ಪಾಠವಲ್ಲ. ಏಷ್ಯಾದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಈ ಊರಿನಲ್ಲಿದೆ. ನೂಲು ಬಿಚ್ಚುವವರ ಬದುಕೇ ಬಿಸಿನೀರಿನ ಬೇಸಿನ್ನಿನ ಮುಂದೆ. ಗೂಡಿನ ಎಳೆಯ ತೂಕದಲ್ಲಿ ಐದರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸೆರಿಸಿನ್ ಎಂಬ ಅಂಟು. ಗೂಡು ಬೇಯಿಸುವಾಗ ಅದು ಸಡಿಲಬೇಕು, ಪೂರ್ತಿ ಕರಗಿ ಹೋಗಬಾರದು. ನೀರು ಗಡಸಾದರೆ ಅಂಟು ಬಿಡಲು ತಡ, ಎಳೆ ತುಂಡಾಗುತ್ತದೆ. ನೀರು ಮೆದುವಾಗಿ ಕ್ಷಾರವೂ ಹೆಚ್ಚಿದ್ದರೆ ಅಂಟು ಬೇಕಾದ್ದಕ್ಕಿಂತ ಹೆಚ್ಚು ಕರಗಿ ನೂಲಿನ ತೂಕ ನೀರುಪಾಲು. ಒಳ್ಳೆಯ ರೀಲರ್ ನೀರನ್ನು ಹದಕ್ಕೆ ತರುತ್ತಾನೆಯೇ ಹೊರತು ತುದಿಗೆ ಒಯ್ಯುವುದಿಲ್ಲ. ಆ ಹದವನ್ನು ಬೇಸಿನ್ನಿನ ಮುಂದೆ ಬಲ್ಲ ಊರು ಬಚ್ಚಲಿಗೆ ಬಂದಾಗ ಮರೆತುಬಿಟ್ಟಿದೆ.

ಸೊನ್ನೆಯ ಬೆಲೆ ಎಷ್ಟು ಎಂದು ಕೂಡಿಸಿ ನೋಡಿದರೆ ಬೆರಗಾಗುತ್ತದೆ. ಮೇಲಿನ ಲೆಕ್ಕದ ಮನೆಯಲ್ಲಿ ಮೂರು ದಿನಕ್ಕೊಮ್ಮೆ ಸುಮಾರು ಮೂರು ಕೆಜಿ ಉಪ್ಪು ಬೇಕು. ತಿಂಗಳಿಗೆ ಮೂವತ್ತು, ವರ್ಷಕ್ಕೆ ಮುನ್ನೂರ ಅರವತ್ತು ಕೆಜಿ. ಐವತ್ತು ಕೆಜಿಯ ಏಳು ಮೂಟೆಗಿಂತ ಹೆಚ್ಚು. ಊಟಕ್ಕೆ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ಮನೆಯ ಹಿತ್ತಲಿಗೆ ಇಷ್ಟು ಉಪ್ಪು. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಅದು ಇಂಗುಗುಂಡಿಗೋ ಕೈತೋಟಕ್ಕೋ ಮಳೆನೀರಿನ ಚರಂಡಿಗೋ ಇಳಿಯುತ್ತದೆ.

ಇಲ್ಲೊಂದು ಚರಿತ್ರೆಯ ವ್ಯಂಗ್ಯವಿದೆ. ಸಾಫ್ಟ್‌ನರಿನ ತತ್ವ ಮೊದಲು ಗೊತ್ತಾದದ್ದು ನೀರಿನ ಕಾರ್ಖಾನೆಯಲ್ಲಲ್ಲ, ಹೊಲದ ಮಣ್ಣಿನಲ್ಲಿ. 1850ರ ಹೊತ್ತಿಗೆ ಇಂಗ್ಲೆಂಡಿನ ಥಾಮ್ಸನ್ ಮತ್ತು ವೇ ಎಂಬಿಬ್ಬರು ಗೊಬ್ಬರದ ದ್ರಾವಣವನ್ನು ಮಣ್ಣಿನ ಮೂಲಕ ಸೋಸಿದಾಗ, ಮಣ್ಣು ಅಮೋನಿಯವನ್ನು ಹಿಡಿದು ಕ್ಯಾಲ್ಸಿಯಂ ಬಿಟ್ಟುಕೊಡುವುದನ್ನು ಕಂಡರು. ಜೇಡಿಮಣ್ಣಿನ ಕಣವೂ ರೆಸಿನ್ ಮಣಿಯ ಹಾಗೆಯೇ ವಿನಿಮಯ ಮಾಡುತ್ತದೆ. ಅದೇ ಮಣ್ಣಿಗೆ ಇಂದು ಸಾಫ್ಟ್‌ನರಿನ ಉಪ್ಪುನೀರು ಬಿಟ್ಟರೆ ಸೋಡಿಯಂ ಬಂದು ಕ್ಯಾಲ್ಸಿಯಂ ಜಾಗ ಹಿಡಿಯುತ್ತದೆ, ಮಣ್ಣಿನ ಹೆಂಟೆಯ ಕಟ್ಟು ಸಡಿಲುತ್ತದೆ. ಮಳೆ ಬಂದಾಗ ಕೆಸರು, ಒಣಗಿದಾಗ ಸಿಮೆಂಟು. ತೆಂಗು, ಕರಿಬೇವು ಸೊರಗಿದಾಗ ರೋಗವೇನೋ ಎಂದು ಔಷಧಿ ಹೊಡೆಯುತ್ತಾರೆ. ಇಂಥ ಮಣ್ಣಿಗೆ ಕೃಷಿ ತಜ್ಞರು ಜಿಪ್ಸಂ ಹಾಕಲು ಹೇಳುತ್ತಾರೆ. ಜಿಪ್ಸಂ ಅಂದರೆ ಕ್ಯಾಲ್ಸಿಯಂ. ದುಡ್ಡು ಕೊಟ್ಟು ನೀರಿನಿಂದ ತೆಗೆದದ್ದನ್ನು ದುಡ್ಡು ಕೊಟ್ಟು ಮಣ್ಣಿಗೆ ಹಾಕಿದ ಹಾಗಾಯಿತು.

ಅಮೆರಿಕದಲ್ಲಿ ಇದು ಮತಪೆಟ್ಟಿಗೆವರೆಗೂ ಹೋಗಿದೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾ ಕಣಿವೆಯಲ್ಲಿ ಮನೆಗಳ ಸಾಫ್ಟ್‌ನರಿನ ಉಪ್ಪು ಚರಂಡಿ ಸೇರಿ ನದಿಯ ಕ್ಲೋರೈಡ್ ಏರಿಸುತ್ತಿತ್ತು. 2008ರ ನವೆಂಬರಿನಲ್ಲಿ ಅಲ್ಲಿನ ಮತದಾರರೇ ಮತ ಹಾಕಿ, ಉಪ್ಪು ಬಿಡುವ ಯಂತ್ರಗಳನ್ನು ಮನೆಯಿಂದ ತೆಗೆಸುವ ಕಾನೂನಿಗೆ ಒಪ್ಪಿಗೆ ಕೊಟ್ಟರು. ರಾಮನಗರಕ್ಕೆ ಅಂಥ ನಿಷೇಧ ಬೇಕೆಂದಲ್ಲ. ವೃಷಭಾವತಿಯ ಹೊಲಸನ್ನು ಬೈರಮಂಗಲ ಕೆರೆ ಉಂಡದ್ದನ್ನು ಕಂಡ ಜಿಲ್ಲೆಗೆ, ಚರಂಡಿಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದು ವಿವರಿಸಿ ಹೇಳಬೇಕಾಗಿಯೂ ಇಲ್ಲ.

ಉಪ್ಪು ಕಡಿಮೆ ಮಾಡುವುದು ಕಷ್ಟವಲ್ಲ. 135 ಲೀಟರಿನಲ್ಲಿ 45 ಲೀಟರ್ ಹೋಗುವುದು ಶೌಚಾಲಯದ ಫ್ಲಶ್ಶಿಗೆ ಎಂದು ಕಟ್ಟಡ ಸಂಹಿತೆಯೇ ಲೆಕ್ಕ ಹಾಕುತ್ತದೆ. ಫ್ಲಶ್ಶಿಗೆ ಮೆದು ನೀರೇಕೆ? ಆ ಕೊಳವೆಯನ್ನು ಸಾಫ್ಟ್‌ನರಿನಿಂದ ಬಿಡಿಸಿ, ಉಳಿದದ್ದಕ್ಕೆ ಆರರಲ್ಲೊಂದು ಪಾಲು ಬೋರ್ ನೀರು ಬೆರೆಸಿದರೆ ಮುನ್ನೂರ ಅರವತ್ತು ಕೆಜಿ ಇನ್ನೂರಕ್ಕೆ ಇಳಿಯುತ್ತದೆ. ಗಿಡಕ್ಕೆ, ಕಾರು ತೊಳೆಯಲು, ಅಂಗಳಕ್ಕೆ ಬಿಡುವ ನೀರನ್ನೂ ಬೇರೆ ಮಾಡಿದರೆ ಇನ್ನೂ ಕಡಿಮೆ.

ಅಡುಗೆಮನೆಯ ಒಂದು ನಲ್ಲಿಯನ್ನಂತೂ ಯಂತ್ರದಿಂದ ದೂರ ಇಡಲೇಬೇಕು. ಬ್ರಿಟನ್ನಿನಲ್ಲಿ ಕುಡಿಯಲು ಮೆದು ಮಾಡದ ನೀರಿನ ಒಂದು ನಲ್ಲಿ ಪ್ರತ್ಯೇಕ ಇರಲಿ ಎಂಬುದು ಬಹಳ ಹಿಂದಿನ ಸಲಹೆ. ಕಾರಣ ಸೋಡಿಯಂ. 600 ಗಡಸುತನವನ್ನು ಸೊನ್ನೆ ಮಾಡಿದರೆ ಪ್ರತಿ ಲೀಟರಿಗೆ ಸುಮಾರು 276 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಅಂಥ ನೀರು ದಿನಕ್ಕೆ ಮೂರು ಲೀಟರ್ ಹೊಟ್ಟೆ ಸೇರಿದರೆ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ 2,000 ಮಿಲಿಗ್ರಾಂ ಮಿತಿಯಲ್ಲಿ ಶೇ. 40ಕ್ಕೂ ಹೆಚ್ಚು ಅಲ್ಲೇ ಮುಗಿಯಿತು. ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಇನ್ನೂ ಬಂದಿಲ್ಲ. ಆರ್‌ಒ ಫಿಲ್ಟರ್ ಇದ್ದರೆ ಸೋಡಿಯಂ ಬಹುಪಾಲು ಹೋಗುತ್ತದೆ, ನಿಜ. ಆದರೆ ಅನ್ನಕ್ಕೂ ಸಾರಿಗೂ ಆರ್‌ಒ ನೀರು ಹಾಕುವ ಮನೆಗಳು ಎಷ್ಟು? ರಕ್ತದೊತ್ತಡ ಇದ್ದವರಿಗೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಇದು ಕಡೆಗಣಿಸುವ ಮಾತಲ್ಲ.

ಚರ್ಮದ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಿ ಮಾರುವವರಿದ್ದಾರೆ. ಬ್ರಿಟನ್ನಿನಲ್ಲಿ ಇಸುಬಿನಿಂದ ನರಳುತ್ತಿದ್ದ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಾಫ್ಟ್‌ನರ್ ಹಾಕಿದ ಮನೆಗಳ ಮಕ್ಕಳಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಸಾಫ್ಟ್‌ನರ್ ಗೀಸರಿಗೆ ಒಳ್ಳೆಯದು, ಅಷ್ಟಕ್ಕೆ ಅದನ್ನು ಮೆಚ್ಚಿದರೆ ಸಾಕು.

ನದಿ ನೀರು ಬರುವ ಬೀದಿಗಳಲ್ಲಿ ಇನ್ನೊಂದು ಎಡವಟ್ಟಿದೆ. ಬೋರಿಗೆಂದು ಕೂರಿಸಿದ ಯಂತ್ರ ನದಿ ನೀರು ಬಂದ ದಿನವೂ ಅದೇ ಲೆಕ್ಕದಲ್ಲಿ ಉಪ್ಪು ತಿನ್ನುತ್ತದೆ. ಒಂದೇ ಸಂಪಿನಲ್ಲಿ ಸೋಮವಾರ ನದಿ, ಬುಧವಾರ ಬೋರ್, ಶನಿವಾರ ಟ್ಯಾಂಕರ್ ಆದರೆ ಯಾವ ಸಂಖ್ಯೆಯೂ ವಾರವಿಡೀ ಸರಿಯಲ್ಲ. ನದಿ ನೀರಿಗೆ ಬೇರೆ ತೊಟ್ಟಿ ಇಟ್ಟು ಅದನ್ನು ಸಾಫ್ಟ್‌ನರಿಗೆ ಬಿಡದಿರುವುದೇ ಜಾಣತನ. ಮಳೆನೀರಂತೂ ಬಿಟ್ಟಿ ಸಾಫ್ಟ್‌ನರ್. ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದು ಹಿಡಿದರೂ ನೂರು ಚದರ ಮೀಟರ್ ತಾರಸಿಯ ಮೇಲೆ ಬೀಳುವುದು 80 ಸಾವಿರ ಲೀಟರ್. ಅದರಲ್ಲಿ ಅರ್ಧ ಹಿಡಿದು ಸಂಪಿನ ಬೋರ್ ನೀರಿಗೆ ಬೆರೆಸಿದರೂ ಉಪ್ಪಿನ ಮೂಟೆ ಆ ಮಟ್ಟಿಗೆ ಹಗುರ.

ಮಾರುವ ಕಂಪನಿಗಳಿಗೆ ಕೇಳಬೇಕಾದದ್ದು ಇಷ್ಟೇ. ಯಂತ್ರ ಕೂರಿಸುವ ಮುನ್ನ ಆ ಮನೆಯ ನೀರಿನ ಗಡಸುತನವನ್ನು ಬರೆದುಕೊಡಲಿ, ಬೆರಕೆಯ ತಿರುಪನ್ನು ತೋರಿಸಿಕೊಡಲಿ, ಹನಿ ಎಣಿಸುವ ಕಿಟ್ಟನ್ನು ಯಂತ್ರದ ಜೊತೆಗೇ ಕೊಡಲಿ. ನಗರಸಭೆ, ಪುರಸಭೆಗಳು ನೀರಿನ ಬಿಲ್ಲಿನ ಮೂಲೆಯಲ್ಲಿ ಆ ವಾರ್ಡಿನ ನೀರಿನ ಗಡಸುತನ ಅಚ್ಚು ಹಾಕಿದರೆ ಒಂದು ಸಾಲಿನ ಖರ್ಚು. ಇಡೀ ಬಡಾವಣೆಗೆ ಒಂದೇ ದೊಡ್ಡ ಸಾಫ್ಟ್‌ನರ್ ಇಡುವ ಬಿಲ್ಡರುಗಳು ಉಪ್ಪುನೀರನ್ನು ಎಲ್ಲಿಗೆ ಬಿಡುತ್ತೇವೆ ಎಂದು ನಕ್ಷೆಯಲ್ಲೇ ತೋರಿಸಬೇಕು, ತೋರಿಸದಿದ್ದರೆ ಅನುಮತಿ ಕೊಡಬಾರದು.

ಹಳ್ಳಿಗಳವರಿಗೆ ಕಿಟ್ ಕೊಳ್ಳುವ ಖರ್ಚೂ ಇಲ್ಲದಿರಬಹುದು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡಿದೆ. ಅವರಿಗೆ ಕೊಡುವ ಕಿಟ್ಟಿನಲ್ಲಿ ಗಡಸುತನದ ಹನಿಯೂ ಇದೆ, ಫ್ಲೋರೈಡಿನ ಪರೀಕ್ಷೆಯೂ ಇದೆ. ಯಂತ್ರದ ತಿರುಪಿಗೆ ಕೈ ಹಾಕುವ ಮುಂಚೆ ಎರಡು ಬಾಟಲಿ ತೊಳೆದು, ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಬಚ್ಚಲ ನಲ್ಲಿಯ ನೀರು ಹಿಡಿದು ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ಮುಂದಿನ ಉಪ್ಪಿನ ಮೂಟೆಯನ್ನು ಆಮೇಲೆ ತರಿಸಬಹುದು.